ಕಾಶಿಯ ಶಹನಾಯಿ, ಪತ್ತೇದಾರಿಯ ಗಿಟಾರು

ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಮಾತು ಬಂದರೆ ನಮ್ಮ ರಸಿಕರ ಬಾಯಿಗೆ ಮೊದಲು ಬರುವುದು 1977ರ ‘ಸನಾದಿ ಅಪ್ಪಣ್ಣ’. ರಾಜ್‌ಕುಮಾರರ ಪಾತ್ರಕ್ಕೆ ಕಾಶಿಯ ಉಸ್ತಾದ್ ಬಿಸ್ಮಿಲ್ಲಾ ಖಾನರೇ ಶಹನಾಯಿ ನುಡಿಸಿದ ಚಿತ್ರ ಅದು. ಎಸ್. ಜಾನಕಿಯವರ ‘ಕರೆದರೂ ಕೇಳದೆ’ ಕೇಳಿದವರು ಬೇರೆ ಹೆಸರು ಹೇಳಿದರೇ ಆಶ್ಚರ್ಯ. ನನ್ನ ತಕರಾರು ಇರುವುದು ಅದರ ಬೆನ್ನಿಗೇ ಬರುವ ಮಾತಿನ ಬಗ್ಗೆ: ಅದೇ ವೆಂಕಟೇಶ್ ರಾಜ್‌ಕುಮಾರರ ಪತ್ತೇದಾರಿ ಚಿತ್ರಗಳಾದ ಸಿಐಡಿ 999 ಸರಣಿಗೆ ಕೊಟ್ಟದ್ದು ಬಾಂಡ್ ಸಂಗೀತದ ನಕಲು, ಹೊಟ್ಟೆಪಾಡಿನ ಕೆಲಸ ಎಂಬುದು. ಬಲ್ಲವರೇ ಹಾಗೆನ್ನುತ್ತಾರೆ. ಆದರೂ ಒಪ್ಪಲು ಮನಸ್ಸಾಗದು.

ನಕಲು ಎನ್ನುವವರು ಅಸಲಿನ ಕುಲಗೋತ್ರವನ್ನೂ ಸ್ವಲ್ಪ ವಿಚಾರಿಸಬೇಕು. 1962ರ ‘ಡಾಕ್ಟರ್ ನೋ’ಗೆ ಬಾಂಡ್ ಧಾಟಿ ಕೊಟ್ಟ ಮಾಂಟಿ ನಾರ್ಮನ್, ಅದನ್ನು ತಮ್ಮದೇ ಹಳೆಯ ಹಾಡೊಂದರಿಂದ ಎತ್ತಿಕೊಂಡೆ ಎಂದಿದ್ದರು. ವಿ.ಎಸ್. ನೈಪಾಲರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿಯ ರಂಗರೂಪಕ್ಕೆಂದು ಕಟ್ಟಿದ ಹಾಡು ಅದು. ನಾಟಕ ರಂಗಕ್ಕೇರಲಿಲ್ಲ, ಸಿತಾರಿನ ಸ್ವರಗಳು ಗಿಟಾರಿಗೆ ಬಂದವು. ವಾದ್ಯಮೇಳಕ್ಕೆ ಹೊಂದಿಸಿದವರು ಜಾನ್ ಬ್ಯಾರಿ. (ಧಾಟಿ ಯಾರದೆಂಬ ಜಗಳ ಕೋರ್ಟಿಗೂ ಹೋಗಿ 2001ರಲ್ಲಿ ನಾರ್ಮನ್ ಗೆದ್ದರು.) ನೈಪಾಲ್ ಆ ಕಾದಂಬರಿಯಲ್ಲಿ ಬರೆದ ಟ್ರಿನಿಡಾಡ್‌ನ ಭಾರತೀಯರ ಹಿರಿಯರಲ್ಲಿ ಬಹುಪಾಲು ಅಲ್ಲಿನ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹಡಗು ಹತ್ತಿದ್ದು ಕಾಶಿಯ ಆಸುಪಾಸಿನ ಸೀಮೆಗಳಿಂದ, ಇಂದಿನ ಪೂರ್ವ ಉತ್ತರಪ್ರದೇಶ ಮತ್ತು ಬಿಹಾರದಿಂದ. ಹಾಗೆಂದು ಬಾಂಡ್ ನಮ್ಮವನೇ ಎಂದು ಎದೆ ತಟ್ಟಿಕೊಳ್ಳುವುದೂ ಬೇಡ. ಸಂಗೀತದ ಮಡಿಮೈಲಿಗೆಯ ಲೆಕ್ಕ ಎಷ್ಟು ಬೇಗ ಕಲಸಿಹೋಗುತ್ತದೆ ಎಂಬುದಷ್ಟೇ ನನಗೆ ಮುಖ್ಯ.

ಇನ್ನು ಕಷ್ಟದ ಮಾತು. ‘ಸನಾದಿ ಅಪ್ಪಣ್ಣ’ದಲ್ಲಿ ಕಥೆಯೇ ವಾದ್ಯಗಾರನದು, ಜೊತೆಗೆ ಉಸ್ತಾದರ ಉಸಿರಿನ ಬಲ. ನಿರ್ದೇಶಕ ಜೋಡಿ ದೊರೈ–ಭಗವಾನರ ಸಿಐಡಿ 999 ಸರಣಿಯಲ್ಲಿ ಅಂಥ ಆಸರೆ ಇರಲಿಲ್ಲ. 1968ರಲ್ಲೇ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕಕ್ಕೂ ವೆಂಕಟೇಶರದೇ ಸಂಗೀತ. ಬಾಂಡ್ ಹಾಡಬೇಕಾಗಿಲ್ಲ, ಟೈಟಲ್ ಹಾಡನ್ನು ಬೇರೆಯವರು ಹಾಡುತ್ತಾರೆ, ಅವನು ಪಿಸ್ತೂಲು ಹಿಡಿದು ಬಂದರೆ ಹಳೆಯ ಧಾಟಿ ಹಿಂದೆಯೇ ಬರುತ್ತದೆ. ನಮ್ಮ ಏಜೆಂಟ್ ಹಾಡದಿದ್ದರೆ ಟಾಕೀಸಿನವರು ಸುಮ್ಮನಿರುತ್ತಿದ್ದರೆ? ಅದೂ ಏಜೆಂಟ್ ಆದದ್ದು ಭಕ್ತ ಕನಕದಾಸನಾಗಿ ಜನರ ಮನಸ್ಸಿನಲ್ಲಿ ಕೂತ ರಾಜ್‌ಕುಮಾರ್. ಸಾಲದ್ದಕ್ಕೆ ನಡುವೆ ದನಿಯೇ ಬದಲಾಯಿತು. ಅರವತ್ತರ ದಶಕದಲ್ಲಿ ರಾಜ್‌ಕುಮಾರರ ಹಾಡೆಂದರೆ ಪಿ.ಬಿ. ಶ್ರೀನಿವಾಸರ ಕಂಠ; 1974ರ ‘ಸಂಪತ್ತಿಗೆ ಸವಾಲ್’ ಬಳಿಕ ರಾಜ್ ತಮಗೆ ತಾವೇ ಹಾಡತೊಡಗಿದರು.

ಆ ಕಂಠ ಪಳಗಿದ್ದು ಕಂಪನಿ ನಾಟಕದ ಮಟ್ಟುಗಳಲ್ಲಿ. ಅದಕ್ಕೆ ‘ಆಪರೇಷನ್ ಡೈಮಂಡ್ ರಾಕೆಟ್’ನ ‘ಇಫ್ ಯು ಕಮ್ ಟುಡೇ’ ಎಂಬ ಇಂಗ್ಲಿಷ್ ಹಾಡು ಹೊಂದಿಸುವುದು ಹುಡುಗಾಟವೇನಲ್ಲ. ಇಂದಿನ ಹುಡುಗರು ಅದನ್ನು ಮೊಬೈಲಿನಲ್ಲಿ ಹಂಚಿಕೊಂಡು ನಗುತ್ತಾರೆ, ನಗಲಿ. ಗಾಯಕ ಅಲ್ಲಿ ವಿಲಾಯಿತಿ ದನಿಯ ವೇಷ ಹಾಕದೆ ತನ್ನ ಸ್ವಂತ ಕಂಠದಲ್ಲೇ ಹಾಡುತ್ತಾನೆ, ಹಾಡೂ ನಿಲ್ಲುತ್ತದೆ. ಸಂಗೀತ ನಿರ್ದೇಶಕನ ಕಸುಬು ಕಾಣುವುದು ಇಲ್ಲಿಯೇ ಎಂದು ನನ್ನ ಲೆಕ್ಕ.

‘ಸನಾದಿ ಅಪ್ಪಣ್ಣ’ ಬಂದ ಮರುವರ್ಷವೇ ಬಂದ ಹಾಡು ಇದು. ಎರಡನ್ನೂ ಬೆನ್ನುಬೆನ್ನಿಗೆ ಹಾಕಿಕೊಂಡು ಕೇಳಿ, ಆಮೇಲೆ ನನ್ನ ಜೊತೆ ಜಗಳಕ್ಕೆ ಬನ್ನಿ.