ಕಾರಿನ ಚಿತ್ರವೂ ಕಾರಿನ ಲೆಕ್ಕವೂ

ನಮ್ಮ ಹುಡುಗರ ನೋಟ್‌ಬುಕ್ಕಿನ ಕೊನೆಯ ಹಾಳೆಯನ್ನು ತಿರುವಿ ನೋಡಿದರೆ, ನೆಲಕ್ಕೆ ಅಂಟಿಕೊಂಡಂತಿರುವ ಕಾರಿನ ಚಿತ್ರವೊಂದು ಇದ್ದೇ ಇರುತ್ತದೆ. ಅದನ್ನು ಕಂಡು ಹೆತ್ತವರು ಗದರುವುದೂ ಉಂಟು. ನಾನು ಗದರುವವನಲ್ಲ. ಆದರೆ ಆ ಚಿತ್ರದ ಪಕ್ಕದಲ್ಲಿ ಒಂದು ಲೆಕ್ಕವೂ ಇರಬೇಕೆಂಬುದು ನನ್ನ ಅಭಿಪ್ರಾಯ.

ಇಟಲಿಯ ಲ್ಯಾಂಬೋರ್ಗಿನಿ ಎಂಬವರು ರೈತನ ಮಗ. ಟ್ರಾಕ್ಟರ್ ತಯಾರಿಸಿ ಮುಂದೆ ಬಂದು, 1963ರಲ್ಲಿ ಕಾರಿನ ಸಣ್ಣ ಕಾರ್ಖಾನೆಯೊಂದನ್ನು ತೆರೆದರು. 1966ರಲ್ಲಿ ಅಲ್ಲಿಂದ 'ಮಿಯುರಾ' ಹೊರಬಂದಿತು. ಮೊದಲ ಸೂಪರ್‌ಕಾರು ಇದೇ ಎಂದು ಅನೇಕರು ಹೇಳುತ್ತಾರೆ. ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು ಆಸನಗಳ ಹಿಂದೆ ಅಡ್ಡಲಾಗಿ ಕೂರಿಸಿದ್ದರು. ಭಾರವು ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವೆ ನಿಂತರೆ ಕಾರು ತಿರುವಿನಲ್ಲಿ ಚುರುಕಾಗಿ ಹೊರಳುತ್ತದೆ. ಅದನ್ನು ರೂಪಿಸತೊಡಗಿದಾಗ ದಲ್ಲಾರ, ಸ್ತಂಜಾನಿ ಎಂಬ ಎಂಜಿನಿಯರುಗಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಆದರೂ ವೇಗ ಹೆಚ್ಚಿದಾಗ ಕಾರಿನ ಮುಂಭಾಗ ಹಗುರಾಗಿ ಮೇಲೇಳುವ ದೋಷ ಉಳಿಯಿತು. ಚಿತ್ರ ಚಂದವಾಗಿತ್ತು, ಗಾಳಿಯ ಲೆಕ್ಕ ಪೂರ್ತಿಯಾಗಿರಲಿಲ್ಲ.

ಇಟಲಿಯವರೆಗೆ ಹೋಗಬೇಕಾಗಿಯೂ ಇಲ್ಲ. ಹೊಸೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಬೊಮ್ಮಸಂದ್ರ ಸಿಗುತ್ತದೆ. ಚೇತನ್ ಮೈನಿಯವರ 'ರೇವಾ' ಎಂಬ ವಿದ್ಯುತ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದದ್ದು ಅಲ್ಲಿಂದಲೇ. ಸೂಪರ್‌ಕಾರಿನ ಮುಂದೆ ಅದು ಗುಬ್ಬಚ್ಚಿ. ಆದರೆ ಎರಡಕ್ಕೂ ಪ್ರಶ್ನೆ ಒಂದೇ: ಭಾರವನ್ನು ಎಲ್ಲಿಡುವುದು? ಸೀಸದ ಬ್ಯಾಟರಿಗಳು ಬಹಳ ತೂಕ. ಅವನ್ನು ಆಸನದ ಕೆಳಗಿಟ್ಟು, ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿದರು. ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಲಂಡನ್ನಿನ ಬೀದಿಗಳಲ್ಲೂ ಓಡಿತು. ಡಿಕ್ಕಿಯಾದರೆ ಒಳಗಿದ್ದವರ ಗತಿಯೇನೆಂಬ ಟೀಕೆಯನ್ನೂ ಅಲ್ಲಿ ಕೇಳಬೇಕಾಯಿತು. 2010ರಲ್ಲಿ ಸಂಸ್ಥೆಯು ಮಹೀಂದ್ರದವರ ಕೈಸೇರಿತು. ಮುಂದೆ ರೇವಾ ತಯಾರಿಕೆಯೂ ನಿಂತಿತು. ಇದನ್ನು ಸೋಲೆನ್ನಲು ನನಗೆ ಮನಸ್ಸಿಲ್ಲ. ಮೊದಲ ಕಾರು ಮಾಡಿದವರು ತಮ್ಮ ತಪ್ಪನ್ನು ಎಲ್ಲರ ಮುಂದಿಟ್ಟು ಕಲಿಯುತ್ತಾರೆ. ಮೈನಿಯವರು ವಿದ್ಯಾರ್ಥಿಯಾಗಿದ್ದಾಗಲೇ ಸಹಪಾಠಿಗಳೊಡನೆ ಸೌರಶಕ್ತಿಯ ಕಾರು ಕಟ್ಟಿದ್ದರು. ಅದು 1990ರಲ್ಲಿ ಆಸ್ಟ್ರೇಲಿಯದ ಪಂದ್ಯದಲ್ಲಿ ಓಡಿತು.

ಈಗ ಹೆತ್ತವರಲ್ಲಿ ಒಂದು ಮಾತು. ನಮ್ಮ ಹೊಸೂರು ಸೀಮೆ ಮೊದಲು ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಜಿಲ್ಲೆಯ ಹೆಸರು ಬದಲಾದರೂ ಇಲ್ಲಿನ ಲಾರಿ, ಮೊಪೆಡ್ ಕಾರ್ಖಾನೆಗಳ ಸದ್ದು 1980ರಿಂದ ಕೇಳಿಸುತ್ತಲೇ ಇದೆ. ಆದರೆ ನಮ್ಮ ಮಕ್ಕಳಲ್ಲಿ ಬೋಲ್ಟು ಬಿಗಿಯುವವರೇ ಹೆಚ್ಚು. ಆ ಬೋಲ್ಟು ಎಲ್ಲಿರಬೇಕೆಂದು ನಕ್ಷೆ ಬರೆಯುವವರು ಕಡಿಮೆ. ಬಿಗಿಯುವ ಕೆಲಸ ಕೀಳಲ್ಲ. ಹತ್ತನೆಯ ತರಗತಿ ಮುಗಿದೊಡನೆ ದಿನಗೂಲಿಯ ಆಸೆಗೆ ಓದು ನಿಲ್ಲಿಸುವುದು ಮಾತ್ರ ತಪ್ಪು. ಐಟಿಐ, ಪಾಲಿಟೆಕ್ನಿಕ್ ಬಾಗಿಲುಗಳು ಹೆಣ್ಣುಮಕ್ಕಳಿಗೂ ತೆರೆದಿವೆ.

ಕನ್ನಡದಲ್ಲಿ ಓದಿದವನಿಗೆ ಇದೆಲ್ಲ ಎಟಕುವುದೇ ಎಂದು ಕೇಳುವವರಿದ್ದಾರೆ. ಗುರುತ್ವಕೇಂದ್ರ, ಘರ್ಷಣೆ, ಜಡತ್ವ ಇವು ನಮ್ಮ ವಿಜ್ಞಾನ ಪುಸ್ತಕದಲ್ಲೇ ಇರುವ ಮಾತುಗಳು. ಇವು ಅರ್ಥವಾದವನಿಗೆ ಇಂಗ್ಲಿಷ್ ಹೆಸರು ಕಲಿಯಲು ಹೆಚ್ಚು ದಿನ ಬೇಕಿಲ್ಲ. ಅರ್ಥವಾಗದವನಿಗೆ ಯಾವ ಭಾಷೆಯ ಹೆಸರೂ ಕಾರನ್ನು ನಿಲ್ಲಿಸಿಕೊಡದು.

ವಿದ್ಯಾರ್ಥಿಮಿತ್ರರೇ, ಚಿತ್ರ ಬರೆಯಿರಿ. ಅದರ ಕೆಳಗೆ ಮೂರು ಪ್ರಶ್ನೆಗಳನ್ನೂ ಬರೆಯಿರಿ: ಭಾರ ಎಲ್ಲಿದೆ? ಗಾಳಿ ಎಲ್ಲಿ ಹಾಯುತ್ತದೆ? ಬ್ರೇಕು ಹಾಕಿದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ? ಉತ್ತರ ಹುಡುಕುತ್ತ ನಮ್ಮಲ್ಲಿಗೆ ಬಂದರೆ, ಪಾಠದ ವೇಳೆಯಲ್ಲಿ ಚಿತ್ರ ಬರೆದ ತಪ್ಪನ್ನು ಯಾವ ಉಪಾಧ್ಯಾಯರೂ ಕ್ಷಮಿಸುತ್ತಾರೆ.