ಮನಸ್ಸಿಲ್ಲದ ದಿನ ಮಾಡೋ ಪ್ರಾರ್ಥನೆ

1/6

ಮೊದಲೇ ಹೇಳಿಬಿಡ್ತೀನಿ, ಇದು ಉದ್ದ ಇದೆ. ಒಟ್ಟು ಆರು ಪೋಸ್ಟ್. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ, ಪರವಾಗಿಲ್ಲ.

ಹೋದ ಭಾನುವಾರ ಯೌವನಸ್ಥರ ಕೂಟ ಮುಗಿದ ಮೇಲೆ, ಪಿಯುಸಿ ಓದೋ ಒಬ್ಬ ತಮ್ಮ ಚರ್ಚ್ ಗೇಟ್ ಹತ್ರ ನನ್ನ ನಿಲ್ಲಿಸಿ ಕೇಳಿದ. "ಅಕ್ಕಾ, ಪ್ರಾರ್ಥನೆ ಮಾಡೋಕೆ ನಂಗೆ ಮನಸ್ಸೇ ಬರ್ತಿಲ್ಲ. ಮನಸ್ಸಿಲ್ದೆ ಸುಮ್ನೆ ಮೊಣಕಾಲೂರಿದ್ರೆ ಅದು ನಾಟಕ ಅಲ್ವಾ? ಅದಕ್ಕೇ ಬಿಟ್ಟುಬಿಟ್ಟಿದ್ದೀನಿ."

ನಾನು ಏನೋ ಒಂದು ಹೇಳಿ ಜಾರಿಕೊಂಡೆ. ಯಾಕಂದ್ರೆ ಎರಡು ವರ್ಷದ ಹಿಂದೆ ಇದೇ ಮಾತು ಹೇಳಿ ನಾನೂ ಬಿಟ್ಟಿದ್ದೆ. ಅವನಿಗೆ ಅವತ್ತು ಕೊಡದ ಉತ್ತರ ಇಲ್ಲಿ ಬರೀತಿದ್ದೀನಿ. ನಿಮ್ಮಲ್ಲೂ ಎಷ್ಟೋ ಜನಕ್ಕೆ ಇದೇ ಪ್ರಶ್ನೆ ಇದೆ ಅಂತ ನನಗೆ ಗೊತ್ತು.

ನಮ್ಮ ವಯಸ್ಸಿನವರ ಪ್ರಾರ್ಥನೆ ಹೇಗಿರುತ್ತೆ ಅಂತ ಒಮ್ಮೆ ಪ್ರಾಮಾಣಿಕವಾಗಿ ನೋಡ್ಕೊಳ್ಳೋಣ. ಬೇಸಿಗೆ ಕ್ಯಾಂಪಲ್ಲಿ ಮೂರು ದಿನ ಅಳ್ತೀವಿ, ಕೈ ಎತ್ತಿ ತೀರ್ಮಾನ ಮಾಡ್ತೀವಿ, "ಇನ್ಮೇಲೆ ದಿನಾ ಬೆಳಿಗ್ಗೆ ಐದಕ್ಕೆ" ಅಂತೀವಿ. ಎರಡನೇ ಸೋಮವಾರ ಬರೋಷ್ಟರಲ್ಲಿ ಅಲಾರಂ ಸ್ನೂಜ್. ಮತ್ತೆ ದೇವರು ನೆನಪಾಗೋದು ಕಾಸ್ಟ್ ಅಕೌಂಟಿಂಗ್ ಪರೀಕ್ಷೆಯ ಹಿಂದಿನ ರಾತ್ರಿ. ನಾನೂ ಇದನ್ನೆಲ್ಲ ಮಾಡಿದ್ದೀನಿ, ಆದ್ರಿಂದ ನಗೋ ಹಕ್ಕು ನನಗಿದೆ 😅

ಕ್ಯಾಂಪಿನ ಕಣ್ಣೀರು ಸುಳ್ಳು ಅಂತ ನಾನು ಹೇಳಲ್ಲ. ಪರೀಕ್ಷೆ ಭಯದಲ್ಲಿ ಮಾಡೋ ಪ್ರಾರ್ಥನೆಯನ್ನ ದೇವರು ಕೇಳಲ್ಲ ಅಂತಲೂ ಹೇಳಲ್ಲ. ಆದ್ರೆ ಇವೆರಡರ ಮಧ್ಯೆ ಇರೋ ನೂರಾರು ಸಪ್ಪೆ ದಿನಗಳಿದಾವಲ್ಲ, ಏನೂ ಅನ್ನಿಸದ ದಿನಗಳು, ಆತ್ಮಿಕ ಬಲ ಅನ್ನೋದು ಬೆಳೆಯೋದು ಅಲ್ಲೇ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಮುಂದೆ ಹೇಳ್ತೀನಿ.

2/6

ದಾನಿಯೇಲನ ಕಥೆ ಸಂಡೇ ಸ್ಕೂಲಿಂದ ಎಲ್ಲರಿಗೂ ಗೊತ್ತು. ಸಿಂಹದ ಗವಿ, ದೇವದೂತ, ಬಾಯಿ ಮುಚ್ಚಿದ ಸಿಂಹಗಳು. ನಾವು ಬಣ್ಣ ತುಂಬ್ತಿದ್ದ ಚಿತ್ರದಲ್ಲೂ ಸಿಂಹವೇ ದೊಡ್ಡದು. ಆದ್ರೆ ಆರನೇ ಅಧ್ಯಾಯದ 10ನೇ ವಚನ ಇನ್ನೊಮ್ಮೆ ನಿಧಾನವಾಗಿ ಓದಿ.

ಮೂವತ್ತು ದಿನ ರಾಜನನ್ನು ಬಿಟ್ಟು ಬೇರೆ ಯಾರಿಗೂ ಬೇಡಿಕೊಳ್ಳಬಾರದು ಅಂತ ದಾರ್ಯಾವೆಷ ರಾಜ ಆಜ್ಞೆಗೆ ಸಹಿ ಹಾಕಿಬಿಟ್ಟಿದ್ದಾನೆ. ಅದು ಗೊತ್ತಾದ ಮೇಲೆ ದಾನಿಯೇಲ ಏನ್ ಮಾಡ್ದ? ಮನೆಗೆ ಹೋದ. ಮೇಲಿನ ಕೋಣೆಯ ಕಿಟಕಿ ಯೆರೂಸಲೇಮಿನ ಕಡೆ ತೆರೆದಿತ್ತು. ದಿನಕ್ಕೆ ಮೂರು ಸಲ ಮೊಣಕಾಲೂರಿ ಪ್ರಾರ್ಥಿಸಿದ, ಸ್ತೋತ್ರ ಮಾಡಿದ. ಇದೆಲ್ಲ ಅವನು ಮೊದಲಿಂದ ಮಾಡ್ತಿದ್ದ ಹಾಗೇ ಮಾಡಿದ ಅಂತ ಆ ವಚನ ಹೇಳುತ್ತೆ. ನನಗೆ ಇಡೀ ಅಧ್ಯಾಯದಲ್ಲಿ ಮುಖ್ಯ ಅನ್ನಿಸೋದು ಇದೇ.

ಸಿಂಹದ ಭಯಕ್ಕೆ ಅವನು ಹೊಸದಾಗಿ ಪ್ರಾರ್ಥನೆ ಶುರು ಮಾಡಲಿಲ್ಲ. ಅವನ ವೈರಿಗಳಿಗೂ ಅವನ ಟೈಮ್ ಗೊತ್ತಿತ್ತು, ಅಷ್ಟು ಖಚಿತವಾಗಿತ್ತು ಅವನ ಅಭ್ಯಾಸ. ಅದನ್ನೇ ನಂಬಿಕೊಂಡು ಅವರು ಬಲೆ ಹೆಣೆದರು.

ಇನ್ನೊಂದು ವಿಷಯ. ಆ ಕಿಟಕಿ ನೋಡ್ತಿದ್ದ ದಿಕ್ಕಿನಲ್ಲಿ ಏನಿತ್ತು? ಬಾಬೆಲಿನವರು ಕೆಡವಿ ಸುಟ್ಟುಹಾಕಿದ್ದ ದೇವಾಲಯ. ಯುವಕನಾಗಿ ಸೆರೆ ಬಂದವನು ಈಗ ಮುದುಕ. ಅಷ್ಟು ವರ್ಷ ಪಾಳುಬಿದ್ದ ಜಾಗದ ಕಡೆ ಮುಖ ಮಾಡಿ ದಿನಕ್ಕೆ ಮೂರು ಸಲ ಪ್ರಾರ್ಥನೆ ಅಂದ್ರೆ, ಅದರಲ್ಲಿ ಎಷ್ಟು ದಿನ ಮೈ ಜುಮ್ ಅಂದಿರಬಹುದು ಹೇಳಿ?

ಹೊತ್ತು ಗೊತ್ತು ಮಾಡ್ಕೊಂಡು ಪ್ರಾರ್ಥಿಸೋದು ದಾನಿಯೇಲನಿಗೇ ಮುಗಿಯಲ್ಲ. ಅಪೊಸ್ತಲರ ಕೃತ್ಯಗಳು ಮೂರನೇ ಅಧ್ಯಾಯದಲ್ಲಿ ಪೇತ್ರ, ಯೋಹಾನ ಇಬ್ಬರೂ ಮಧ್ಯಾಹ್ನ ಮೂರು ಗಂಟೆಯ ಪ್ರಾರ್ಥನೆಗೆ ಅಂತ ದೇವಾಲಯಕ್ಕೆ ಹೊರಟಿರ್ತಾರೆ. ಆದಿ ಕ್ರೈಸ್ತರ 'ದಿದಖೆ' ಅನ್ನೋ ಚಿಕ್ಕ ಕೈಪಿಡಿ ಕರ್ತನ ಪ್ರಾರ್ಥನೆಯನ್ನ ದಿನಕ್ಕೆ ಮೂರು ಸಲ ಹೇಳಿ ಅನ್ನುತ್ತೆ. ಮನಸ್ಸು ಬಂದಾಗ ಹೇಳಿ ಅಂತ ಅದರಲ್ಲಿಲ್ಲ.

3/6

"ಆದ್ರೆ ಯೇಸುಸ್ವಾಮಿನೇ ಸುಮ್ಮನೆ ಹೇಳಿದ್ದನ್ನೇ ಹೇಳಬೇಡಿ ಅಂದಿದ್ದಾರಲ್ಲ?" ಈ ಪ್ರಶ್ನೆ ಬಂದೇ ಬರುತ್ತೆ. ಮತ್ತಾಯ ಆರನೇ ಅಧ್ಯಾಯ. ಸರಿ, ಅಲ್ಲೇ ನೋಡೋಣ. ಅಲ್ಲಿ ಬೈಸಿಕೊಂಡವರು ಎರಡು ಥರದವರು. ಜನ ನೋಡಲಿ ಅಂತ ಬೀದಿ ಮೂಲೆಯಲ್ಲಿ ನಿಂತು ಪ್ರಾರ್ಥಿಸೋರು ಒಬ್ಬರು. ಹೆಚ್ಚು ಮಾತಾಡಿದ್ರೆ ದೇವರು ಒಪ್ಪಲೇಬೇಕು ಅಂದ್ಕೊಂಡೋರು ಇನ್ನೊಬ್ಬರು. ಸುಸ್ತಾಗಿದ್ರೂ ಬಾಗಿಲು ಹಾಕ್ಕೊಂಡು ಕೂತವನನ್ನ ಅಲ್ಲಿ ಯಾರೂ ಬೈದಿಲ್ಲ.

ಅದೇ ಮತ್ತಾಯ 26ರಲ್ಲಿ ಗೆತ್ಸೆಮನೆ ತೋಟ ಇದೆ. ಅಲ್ಲಿ ಯೇಸು ಮೂರು ಸಲ ಪ್ರಾರ್ಥಿಸ್ತಾರೆ, ಮೂರನೇ ಸಲವೂ ಮೊದಲಿನ ಮಾತುಗಳನ್ನೇ. ಹೊಸ ಪದ ಹುಡುಕೋ ಸ್ಥಿತಿಯಲ್ಲಿ ಅವರಿರಲಿಲ್ಲ. ಹಾಗಾಗಿ ನಿಮಗೆ ಪದ ಸಿಗದ ದಿನ ನಿನ್ನೆಯ ಮಾತನ್ನೇ ಹೇಳಿದ್ರೆ ನಾಚಿಕೆ ಪಡಬೇಕಿಲ್ಲ.

ದಿನನಿತ್ಯದ ಪ್ರಾರ್ಥನೆ ಅವರಿಗೆ ಏನು ಕೊಡ್ತಿತ್ತು ಅಂತ ತಿಳೀಬೇಕಾದ್ರೆ ಮಾರ್ಕ ಒಂದನೇ ಅಧ್ಯಾಯ ಓದಿ. ಕಪೆರ್ನೌಮಿನಲ್ಲಿ ಹಿಂದಿನ ಸಂಜೆ ಊರಿಗೆ ಊರೇ ಬಾಗಿಲ ಮುಂದೆ ಸೇರಿದೆ. ರೋಗಿಗಳು ವಾಸಿಯಾಗಿದ್ದಾರೆ. ನಮ್ಮ ಭಾಷೇಲಿ ಹೇಳೋದಾದ್ರೆ ರಾತ್ರೋರಾತ್ರಿ ವೈರಲ್. ಮಾರನೇ ದಿನ ಇನ್ನೂ ಕತ್ತಲಿರುವಾಗಲೇ ಅವರು ಎದ್ದು, ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥಿಸ್ತಿದ್ದಾರೆ. ಸೀಮೋನ ಹುಡುಕ್ಕೊಂಡು ಬಂದು ಎಲ್ಲರೂ ನಿಮ್ಮನ್ನೇ ಹುಡುಕ್ತಿದ್ದಾರೆ ಅಂತಾನೆ. ನಮಗೆ ಯಾರಾದ್ರೂ ಹಾಗಂದಿದ್ರೆ ಓಡಿ ಹೋಗ್ತಿದ್ವಿ. ಅವರು ಪಕ್ಕದ ಊರುಗಳಿಗೆ ಹೋಗೋಣ, ನಾನು ಬಂದಿರೋ ಕೆಲಸ ಅದು ಅಂತಾರೆ.

ಆತ್ಮಿಕ ಬಲ ಅಂದ್ರೆ ನನಗೆ ಈ ಚಿತ್ರವೇ ಕಣ್ಮುಂದೆ ಬರುತ್ತೆ. ಎಲ್ಲರೂ ಕರೀತಿರುವಾಗ ತನ್ನ ಕೆಲಸ ಯಾವುದು ಅಂತ ಗೊತ್ತಿರೋದು. ಲೈಕ್ಸ್ ಬಂದಾಗ ಉಬ್ಬದೆ, ಬರದಿದ್ದಾಗ ಕುಗ್ಗದೆ ಇರೋದು. ಇದು ಜೋರಾಗಿ ಕಿರುಚಿ ಪ್ರಾರ್ಥಿಸಿದ ಒಂದು ರಾತ್ರಿಯಲ್ಲಿ ಬರೋ ಬಲ ಅಲ್ಲ.

4/6

ಈಗ ನಾನು ಬಿಟ್ಟ ಕಥೆ.

ಬಿಕಾಂ ಫಸ್ಟ್ ಸೆಮ್‌ನಲ್ಲಿದ್ದಾಗ ನಮ್ಮ ಅಜ್ಜಿಗೆ ಸ್ಟ್ರೋಕ್ ಆಯ್ತು. ಬಲಗೈ ಬಲಗಾಲು ಬಿದ್ದೋಯ್ತು, ಮಾತು ಹೋಯ್ತು. ನನ್ನ ಬೆಳೆಸಿದ್ದೇ ಅಜ್ಜಿ. ಮೂರು ತಿಂಗಳು ಪ್ರತಿ ಶುಕ್ರವಾರ ಉಪವಾಸ ಇದ್ದು ಒಂದೇ ಒಂದು ಕೇಳಿದೆ. ಅಜ್ಜಿಗೆ ಮಾತು ವಾಪಸ್ ಕೊಡಪ್ಪಾ ಅಂತ. ಬರಲಿಲ್ಲ. ನೀರು ಬೇಕಂದ್ರೆ ಲೋಟ ತೋರಿಸೋರು. ನನ್ನ ಹೆಸರು ಕರೆಯೋಕೆ ಹೋಗಿ ಬೇರೆ ಏನೋ ಶಬ್ದ ಬಂದು, ಅವರಿಗೇ ಕೋಪ ಬರೋದು. ನಾನು ನಿಲ್ಲಿಸಿಬಿಟ್ಟೆ. ನನಗೆ ಅನ್ನಿಸದೇ ಇರೋದನ್ನ ಹೇಳೋದು ನಾಟಕ ಅಂತ ಅಮ್ಮನಿಗೆ ಹೇಳ್ದೆ. ಅಮ್ಮ ಏನೂ ಅನ್ನಲಿಲ್ಲ. ಎಂಟು ಗಂಟೆಗೆ ಕುಟುಂಬ ಪ್ರಾರ್ಥನೆಗೆ ಬಂದು ಕೂತ್ಕೋ ಸಾಕು ಅಂದ್ರು. ಕೂತ್ಕೊಳ್ತಿದ್ದೆ, ಮಡಿಲಲ್ಲಿ ಫೋನ್ ಇಟ್ಕೊಂಡು.

ಒಂದು ರಾತ್ರಿ ಅಮ್ಮ ಕರ್ತನ ಪ್ರಾರ್ಥನೆ ಶುರು ಮಾಡಿದ್ರು. ಎರಡನೇ ಸಾಲಿಗೆ ಇನ್ನೊಂದು ದನಿ ಸೇರ್ಕೊಳ್ತು. ಅಜ್ಜಿ. ತೊದಲ್ತಾ, ಆದ್ರೆ ಪದಗಳು ಪದಗಳಾಗಿಯೇ. ನಾವೆಲ್ಲ ನಿಲ್ಲಿಸಿಬಿಟ್ವಿ. ಅವರು ನಿಲ್ಲಿಸಲಿಲ್ಲ. ಆಮೆನ್‌ವರೆಗೂ ಒಬ್ಬರೇ ಹೇಳಿ ಮುಗಿಸಿದ್ರು. ಆಮೇಲೆ ಎಡಗೈ ಚಾಚಿ ನನ್ನ ಮಡಿಲಿಂದ ಫೋನ್ ಎತ್ತಿ ಟೀಪಾಯ್ ಮೇಲೆ ಇಟ್ರು.

ಸ್ಪೀಚ್ ಥೆರಪಿಸ್ಟ್ ಹೇಳಿದ ಪ್ರಕಾರ ಇದಕ್ಕೆ ಕಾರಣ ಇದೆ. ಅಫೇಸಿಯಾ ಅಂತಾರೆ. ಹೊಸದಾಗಿ ಮಾತು ಜೋಡಿಸೋ ಶಕ್ತಿ ಹೋದ್ರೂ, ಬಾಯಿಪಾಠ ಆಗಿರೋ ಎಣಿಕೆ, ವಾರದ ಹೆಸರುಗಳು, ಹಾಡು, ಪ್ರಾರ್ಥನೆ ಎಷ್ಟೋ ಜನರಲ್ಲಿ ಉಳಿದಿರುತ್ತೆ. ನಾನು ಅದನ್ನ ನಂಬ್ತೀನಿ, ಇದನ್ನ ಅದ್ಭುತ ಅಂತ ಸಾಕ್ಷಿ ಹೇಳ್ಕೊಂಡು ತಿರುಗಲ್ಲ. ಇವತ್ತಿಗೂ ಅಜ್ಜಿಗೆ ನನ್ನ ಹೆಸರು ಬರಲ್ಲ.

ಆದ್ರೆ ಯೋಚನೆ ಮಾಡಿ. ಎಲ್ಲ ಮಾತು ಹೋದ ಮೇಲೂ ಅವರ ಹತ್ರ ಉಳಿದಿದ್ದು ಯಾವ ಮಾತು? ಅರವತ್ತು ವರ್ಷ ಪ್ರತಿ ರಾತ್ರಿ ಹೇಳಿದ್ದು. ಆ ರಾತ್ರಿಗಳಲ್ಲಿ ಎಷ್ಟು ದಿನ ಅವರು ನಿದ್ದೆಗಣ್ಣಲ್ಲಿದ್ರೋ, ಎಷ್ಟು ದಿನ ತಾತನ ಮೇಲೆ ಸಿಟ್ಟಲ್ಲಿದ್ರೋ, ಎಷ್ಟು ದಿನ ಒಲೆ ಮೇಲಿನ ಸಾರಿನ ಯೋಚನೇಲಿದ್ರೋ. ಮನಸ್ಸಿಟ್ಟು ಹೇಳಿದ್ದು ಯಾವುದು, ಮನಸ್ಸಿಲ್ಲದೆ ಹೇಳಿದ್ದು ಯಾವುದು ಅಂತ ಈಗ ಯಾರೂ ಬೇರ್ಪಡಿಸೋಕಾಗಲ್ಲ. ಎರಡೂ ಸೇರಿಯೇ ಅದು ಅಷ್ಟು ಆಳಕ್ಕೆ ಇಳಿದಿರೋದು.

5/6

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು, ಇಲ್ಲಾಂದ್ರೆ ನನ್ನ ಮಾತು ತಪ್ಪು ದಾರಿ ಹಿಡಿಯುತ್ತೆ.

ಒಂದು, ದಿನಾ ಪ್ರಾರ್ಥಿಸಿದ್ರೆ ಕೇಳಿದ್ದೆಲ್ಲ ಸಿಗುತ್ತೆ ಅಂತ ನಾನು ಹೇಳ್ತಿಲ್ಲ. ಪ್ರಾರ್ಥನೆ ಆರ್‌ಡಿ ಅಲ್ಲ, ತಿಂಗಳು ತಿಂಗಳು ಕಟ್ಟಿ ಬಡ್ಡಿ ಸಮೇತ ತಗೊಳ್ಳೋಕೆ. ಪೌಲ ತನ್ನ ಶರೀರದಲ್ಲಿದ್ದ ಮುಳ್ಳು ಹೋಗಲಿ ಅಂತ ಮೂರು ಸಲ ಬೇಡಿಕೊಂಡ, ಹೋಗಲಿಲ್ಲ. ಗೆತ್ಸೆಮನೆಯ ಪಾತ್ರೆಯೂ ದೂರ ಹೋಗಲಿಲ್ಲ. 88ನೇ ಕೀರ್ತನೆ ಓದಿದ್ದೀರಾ? ಉಳಿದ ದುಃಖದ ಕೀರ್ತನೆಗಳಲ್ಲಿ ಕೊನೆಗೆ ಒಂದಿಷ್ಟು ಬೆಳಕು ಬರುತ್ತೆ. ಇದು ಕತ್ತಲಲ್ಲೇ ಮುಗಿಯುತ್ತೆ. ಆದ್ರೂ ಅದು ಸತ್ಯವೇದದಲ್ಲಿದೆ, ಪ್ರಾರ್ಥನೆ ಅಂತಲೇ ಇದೆ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡ್ರು. 2007ರಲ್ಲಿ ಅವರ ಪತ್ರಗಳು ಪುಸ್ತಕವಾಗಿ ಬಂದಾಗ, ಎಷ್ಟೋ ದಶಕ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲ ಅಂತ ಜಗತ್ತಿಗೆ ಗೊತ್ತಾಯ್ತು. ಅವರು ಪ್ರಾರ್ಥನೆ ಬಿಡಲಿಲ್ಲ, ಕೋಲ್ಕತ್ತದ ಬೀದಿಗಳನ್ನೂ ಬಿಡಲಿಲ್ಲ.

ನನ್ನ ಕಾಮರ್ಸ್ ಫ್ರೆಂಡ್ಸ್‌ಗೆ ಒಂದು ಮಾತು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ನಾವು ಲೆಡ್ಜರ್ ಹರಿದು ಬಿಸಾಕ್ತೀವಾ? ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ ಮುಂದಿನ ಎಂಟ್ರಿ ಬರೀತೀವಿ. ಅಜ್ಜಿಯ ಮಾತು ನನ್ನ ಸಸ್ಪೆನ್ಸ್ ಅಕೌಂಟಲ್ಲಿದೆ. ಅದು ಯಾವಾಗ ಕ್ಲಿಯರ್ ಆಗುತ್ತೋ ಗೊತ್ತಿಲ್ಲ. ಪುಸ್ತಕ ಮಾತ್ರ ಮುಚ್ಚಿಲ್ಲ.

ಎರಡು, ಯಾರಾದ್ರೂ ಖಿನ್ನತೆಯಲ್ಲಿದ್ರೆ "ನಿನ್ನ ಪ್ರಾರ್ಥನೆ ಸಾಲದು" ಅಂತ ದಯವಿಟ್ಟು ಹೇಳಬೇಡಿ. ಎಲೀಯ ಗಿಡದ ಕೆಳಗೆ ಕೂತು ಸಾಯಬೇಕು ಅಂದಾಗ ದೇವರು ಮೊದಲು ಕೊಟ್ಟಿದ್ದು ಉಪದೇಶ ಅಲ್ಲ. ನಿದ್ದೆ, ರೊಟ್ಟಿ, ನೀರು, ಆಮೇಲೆ ಇನ್ನೊಂದು ನಿದ್ದೆ. ಡಾಕ್ಟರ್ ಹತ್ರ, ಕೌನ್ಸೆಲರ್ ಹತ್ರ ಹೋಗೋದು ಅವಿಶ್ವಾಸ ಅಲ್ಲ. ನಮ್ಮ ಅಜ್ಜಿ ಪ್ರಾರ್ಥನೇನೂ ಮಾಡ್ತಾರೆ, ಬಿಪಿ ಮಾತ್ರೆನೂ ತಗೋತಾರೆ.

6/6

ಕೊನೆಗೆ, ಏನು ಮಾಡೋದು? ನನಗೆ ಉಪಯೋಗ ಆಗಿರೋದನ್ನ ಮಾತ್ರ ಹೇಳ್ತೀನಿ.

ಚಿಕ್ಕದಾಗಿ ಶುರು ಮಾಡಿ. ಬೆಳಿಗ್ಗೆ ಐದಕ್ಕೆ ಒಂದು ಗಂಟೆ ಅಂತ ಶಪಥ ಬೇಡ. ಹತ್ತು ನಿಮಿಷ ಸಾಕು, ಆದ್ರೆ ದಿನಾ ಅದೇ ಹೊತ್ತು, ಅದೇ ಜಾಗ. ಹಾಸ್ಟೆಲಲ್ಲಿ ಜಾಗ ಇಲ್ವಾ? ಟೆರೇಸ್ ಮೆಟ್ಟಿಲು ಸಾಕು. ಫೋನ್ ಇನ್ನೊಂದು ರೂಮಲ್ಲಿರಲಿ. ಇದನ್ನ ಫೋನಲ್ಲೇ ಓದ್ತಿರೋ ನಿಮಗೆ ಹೇಳ್ತಿದ್ದೀನಿ ಅಂತ ನನಗೂ ಗೊತ್ತು.

ಮಾತು ಬರದಿದ್ರೆ ಕೀರ್ತನೆಗಳಿಂದ ಸಾಲ ತಗೊಳ್ಳಿ. ಒಟ್ಟು 150 ಇವೆ. ದಿನಕ್ಕೊಂದು ಅಂದ್ರೆ ಐದು ತಿಂಗಳು, ಹೆಚ್ಚುಕಡಿಮೆ ಒಂದು ಸೆಮಿಸ್ಟರ್. 119ನೇದು ಮಾತ್ರ ತುಂಬಾ ಉದ್ದ, ಅದನ್ನ ತುಂಡು ಮಾಡ್ಕೊಳ್ಳಿ. ಅದೂ ಆಗದ ದಿನ ಕರ್ತನ ಪ್ರಾರ್ಥನೆ ಒಂದು ಸಲ ನಿಧಾನವಾಗಿ ಹೇಳಿ. ಒಂದು ನಿಮಿಷವೂ ಹಿಡಿಯಲ್ಲ.

ನಿಮ್ಮ ಪಟ್ಟಿಯಲ್ಲಿ ನಿಮ್ಮದಲ್ಲದ ಒಂದು ಹೆಸರಾದ್ರೂ ಇರಲಿ. ನಾನು ಸೆಕೆಂಡ್ ಇಯರಲ್ಲಿ ಒಬ್ಬ ಫ್ರೆಂಡ್ ಜೊತೆ ಮಾತು ಬಿಟ್ಟಿದ್ದೆ. ಅವಳ ಹೆಸರನ್ನ ಒಲ್ಲದ ಮನಸ್ಸಿಂದಲೇ ದಿನಾ ಹೇಳ್ತಾ ಹೇಳ್ತಾ, ಆರನೇ ವಾರಕ್ಕೆ ನಾನೇ ಹೋಗಿ ಸಾರಿ ಕೇಳ್ದೆ. ಅವಳು ಬದಲಾಗಿರಲಿಲ್ಲ, ನನ್ನ ಹಠ ಸವೆದಿತ್ತು ಅಷ್ಟೇ.

ಒಂದು ದಿನ ತಪ್ಪಿದ್ರೆ? ತಪ್ಪುತ್ತೆ. ಆ್ಯಪಿನ ಸ್ಟ್ರೀಕ್ ಮುರಿದ್ರೆ ದೇವರು ನಿಮ್ಮನ್ನ ಅನ್‌ಫಾಲೋ ಮಾಡಲ್ಲ. ಮಾರನೇ ದಿನ ಅದೇ ಜಾಗಕ್ಕೆ ಬಂದು ಕೂತ್ಕೊಳ್ಳಿ. ಡಬಲ್ ಮಾಡಿ ಸರಿದೂಗಿಸೋಕೆ ಹೋಗಬೇಡಿ. ಸ್ಟ್ರೀಕ್ ಇದ್ರೆ ಅದನ್ನ ಸ್ಕ್ರೀನ್‌ಶಾಟ್ ತೆಗೆದು ಸ್ಟೋರಿಗೆ ಹಾಕೋದೂ ಬೇಡ. ಬೀದಿ ಮೂಲೆ ಅಂದ್ರೆ ಈಗ ಅದೇ.

ತಮ್ಮಾ, ನೀನು ಇದನ್ನ ಓದ್ತೀಯ ಅಂತ ಗೊತ್ತು. ಮನಸ್ಸಿಲ್ಲದಿದ್ದರೂ ಹಸಿದ ತಂಗಿಗೆ ತಿಂಡಿ ಕೊಟ್ರೆ ಅದನ್ನ ಯಾರೂ ನಾಟಕ ಅನ್ನಲ್ಲ. ಮನಸ್ಸಿಲ್ಲದಿದ್ದರೂ ಅಪ್ಪನ ಫೋನ್ ಎತ್ತಿ ಎರಡು ಮಾತಾಡಿದ್ರೆ ಅದು ಸುಳ್ಳಲ್ಲ. "ಕರ್ತನೇ, ಇವತ್ತು ಮನಸ್ಸಿಲ್ಲ, ಆದ್ರೂ ಬಂದಿದ್ದೀನಿ" ಅಂತ ಹೇಳು. ಅದಕ್ಕಿಂತ ನಿಜವಾದ ಪ್ರಾರ್ಥನೆ ನನಗೂ ಬರಲ್ಲ.

ಈಗ ಟೈಮ್ 7:50. ಎಂಟಕ್ಕೆ ಅಜ್ಜಿ ಕಾಯ್ತಿರ್ತಾರೆ, ಫೋನ್ ಟೀಪಾಯ್ ಮೇಲೆ ಹೋಗ್ಬೇಕು 🙏

ನೀವು ಯಾವ ಹೊತ್ತಿಗೆ ಕೂತ್ಕೊಳ್ತೀರ ಅಂತ ಕಾಮೆಂಟಲ್ಲಿ ಬರೀಬೇಡಿ. ಕೂತ್ಕೊಳ್ಳಿ ಸಾಕು.

#ಪ್ರಾರ್ಥನೆ #ಕುಟುಂಬಪ್ರಾರ್ಥನೆ #ಯೌವನಸ್ಥರಕೂಟ #ಕನ್ನಡಕ್ರೈಸ್ತರು