ಗುಂಡಿಪಟ್ಟಿ ಎಡಕ್ಕೋ, ಬಲಕ್ಕೋ?

ಚಿಕ್ಕಪೇಟೆಯ ಓಣಿಯಲ್ಲಿ ಲೇಡೀಸ್ ಟಾಪ್ ಮಾರುವವನನ್ನು ನಿಲ್ಲಿಸಿ, 'ಏನ್ರೀ, ಈ ಅಂಗಿಯ ಗುಂಡಿಪಟ್ಟಿ ಎಡದ್ದು ಬಲದ ಮೇಲೆ ಬರುತ್ತೋ, ಬಲದ್ದು ಎಡದ ಮೇಲೋ?' ಎಂದು ಕೇಳಿದರೆ ನಕ್ಕು ಕಳಿಸಿಯಾನು. ಅದನ್ನೇ ಕಸ್ಟಮ್ಸ್‌ನವರು ಕೇಳಿದರೆ ನಗುವಂತಿಲ್ಲ. ಸುಂಕ ನಿಲ್ಲುವುದು ಆ ಪಟ್ಟಿಯ ಮೇಲೇ.

ಇದು ತಮಾಷೆಯಲ್ಲ. 1975ರ ಕಸ್ಟಮ್ಸ್ ಟ್ಯಾರಿಫ್ ಕಾಯಿದೆಯ ದರಪಟ್ಟಿಯಲ್ಲಿ 61ನೇ ಅಧ್ಯಾಯ ಹೆಣೆದ ಬಟ್ಟೆಯ ಉಡುಪಿಗೆ, 62ನೇದು ನೇಯ್ದ ಬಟ್ಟೆಯದಕ್ಕೆ. ಎಡಮಗ್ಗುಲು ಮೇಲೆ ಬಂದರೆ ಗಂಡಸಿನದು, ಬಲಮಗ್ಗುಲು ಮೇಲೆ ಬಂದರೆ ಹೆಂಗಸಿನದು. ಕತ್ತರಿಸಿದ ರೀತಿಯೇ ಬೇರೆ ಹೇಳುತ್ತಿದ್ದರೆ ಮಾತ್ರ ಬೇರೆ. ಯಾರದೆಂದು ತಿಳಿಯದಿದ್ದರೆ? ಹೆಂಗಸಿನ ಲೆಕ್ಕಕ್ಕೇ ಹಾಕಿ ಎನ್ನುತ್ತದೆ ನಿಯಮ! ಟೀ ಶರ್ಟಿಗೆ ಮಾತ್ರ ಈ ಜಾತಕವೇ ಇಲ್ಲ. 6109ರಲ್ಲಿ ಗಂಡು ಹೆಣ್ಣು ಎರಡೂ ಒಂದೇ. ಟೀ ಶರ್ಟಿಗೆ ಬೇಡವಾದದ್ದು ಬ್ಲೌಸಿಗೆ ಯಾಕೆ ಬೇಕು ಅನ್ನೋದನ್ನು ದೆಹಲಿಯ ದೊರೆಗಳೇ ಹೇಳಬೇಕು.

ಅಮೆರಿಕದಲ್ಲಿ ಇದನ್ನು ಕೇಳಿದವರಿದ್ದಾರೆ. ಅಲ್ಲಿ ಗಂಡಸರ ಚರ್ಮದ ಕೈಗವಸಿಗೆ ಶೇಕಡಾ 14, ಹೆಂಗಸರದಕ್ಕೆ 12.6 ಸುಂಕ ಇತ್ತು. ಇದು ಭೇದಭಾವ ಎಂದು ಆಮದುದಾರರು ಕೋರ್ಟಿಗೆ ಹೋದರು. ದರ ಬೇರೆ ಇದ್ದ ಮಾತ್ರಕ್ಕೆ ಭೇದ ಆಗೋದಿಲ್ಲ ಅಂತ ಮೇಲ್ಮನವಿ ಕೋರ್ಟು 2010ರಲ್ಲಿ ಬಾಗಿಲು ಹಾಕಿತು.

ನಮ್ಮಲ್ಲಿನ ತೊಂದರೆ ಇನ್ನೊಂದು ಬಗೆಯದು. ಹಲವು ಸಿದ್ಧ ಉಡುಪುಗಳಿಗೆ ಸುಂಕವನ್ನು ಶೇಕಡಾ ಲೆಕ್ಕದಲ್ಲೋ, ಒಂದಕ್ಕೆ ಇಷ್ಟು ರೂಪಾಯಿ ಅಂತಲೋ, ಯಾವುದು ಹೆಚ್ಚೋ ಅದನ್ನು ವಸೂಲು ಮಾಡುವ ಕ್ರಮ ಬಂದಿದೆ. ಲೆಕ್ಕಕ್ಕೆ ಶೇಕಡಾ 20 ಅಥವಾ ಒಂದಕ್ಕೆ 100 ರೂಪಾಯಿ ಅನ್ನಿ. ಎರಡು ಸಾವಿರದ ಟಾಪಿಗೆ ನಾನೂರು ರೂಪಾಯಿ ಬೀಳುತ್ತದೆ, ಅಂದರೆ ಐದರಲ್ಲೊಂದು ಪಾಲು. ಇನ್ನೂರರ ಟಾಪಿಗೆ ನೂರು, ಅಂದರೆ ಅರ್ಧಕ್ಕರ್ಧ! ಸಂಬಳದ ದಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಕೊಳ್ಳುವ ಹೆಣ್ಣುಮಗಳ ತಲೆಗೇ ಹೆಚ್ಚು ಭಾರ. ಇದನ್ನು ಇಲ್ಲಿಯ ಗಾರ್ಮೆಂಟ್ಸ್ ಕೆಲಸಗಾರರ ರಕ್ಷಣೆಗೆ ಎನ್ನುತ್ತಾರೆ. ಅವರಿಗೆ ರಕ್ಷಣೆ ಬೇಕು, ನಿಜ. ಆದರೆ ಆ ಇನ್ನೂರರ ಟಾಪು ಕೊಳ್ಳುವವಳೂ ಅವರಲ್ಲೊಬ್ಬಳೇ ಅಲ್ಲವೆ?

ಇನ್ನು ಸಣ್ಣ ಆಮದುದಾರನ ಪಾಡು. 2011ರಿಂದ ಸರಕು ಯಾವ ಶೀರ್ಷಿಕೆಗೆ ಸೇರುತ್ತದೆಂದು ಅವನೇ ಬರೆದುಕೊಡಬೇಕು. ವೈಟ್‌ಫೀಲ್ಡಿನ ಕಂಟೇನರ್ ಡಿಪೋದಿಂದ ಮಾಲು ಬಿಡಿಸಿಕೊಂಡು, ಮಾರಿ, ದುಡ್ಡು ಕರಗಿದ ಮೇಲೆ 'ಸುಂಕ ಕಮ್ಮಿ ಕಟ್ಟಿದ್ದೀರಿ' ಎಂಬ ನೋಟೀಸು ಬರಬಹುದು. ಸಾಮಾನ್ಯವಾಗಿ ಎರಡು ವರ್ಷದೊಳಗೆ. ಬೇಕೆಂದೇ ಸುಳ್ಳು ಬರೆದಿದ್ದಾನೆ ಎಂದರೆ ಐದು ವರ್ಷದವರೆಗೆ. ಕಳ್ಳರನ್ನು ಹಿಡಿಯಲಿ, ಬೇಡ ಎಂದವರಾರು? ಹೆಣೆದದ್ದೋ ನೇಯ್ದದ್ದೋ ತಿಳಿಯದೆ ಎಡವಿದವನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಬಾರದು.

ಮೊದಲೇ ಕೇಳಿ ತಿಳಿಯಲು ಮುಂಗಡ ತೀರ್ಪಿನ ಪ್ರಾಧಿಕಾರ ಉಂಟು. 2021ರಿಂದ ಅದರ ಕಚೇರಿಗಳು ದೆಹಲಿ, ಮುಂಬೈಗಳಲ್ಲಿವೆ. ಐವತ್ತು ಡಜನ್ ನೈಟಿ ತರಿಸುವವನು ಅದಕ್ಕಾಗಿ ವಕೀಲರನ್ನು ಹಿಡಿದು ಮುಂಬೈಗೆ ಬರೆಯಬೇಕೆ? ಬೆಂಗಳೂರಿನಲ್ಲೇ ಒಂದು ಪೀಠ ಕೂರಲಿ. ಶೀರ್ಷಿಕೆಗಳ ಕನ್ನಡ ಕೈಪಿಡಿಯೊಂದನ್ನು ಕಸ್ಟಮ್ಸ್ ಕಚೇರಿಯ ಬಾಗಿಲಲ್ಲೇ ಸಿಗುವಂತೆ ಇಡಲಿ. ತಲೆಗೆ ಇಷ್ಟೆಂದು ಹಾಕುವ ರೂಪಾಯಿ ಸುಂಕವನ್ನು ಅಗ್ಗದ ಉಡುಪುಗಳ ಮಟ್ಟಿಗಾದರೂ ತೆಗೆಯಲಿ. ಮುಂದಿನ ಬಜೆಟ್ಟಿಗೆ ಮೊದಲು ನಮ್ಮ ಸಂಸದರು ಈ ಮೂರು ಮಾತನ್ನು ಹಣಕಾಸು ಸಚಿವರ ಮುಂದೆ ಇಡಬೇಕು.